ಪಾಸ್‌ವರ್ಡಿಗೂ ಕುಂಕುಮ

ವಯಸ್ಸಾಗುತ್ತ ಬಂದಂತೆ ಬರೆದಿಟ್ಟುಕೊಳ್ಳುವ ಚಟ ಹತ್ತುತ್ತದೆ. ನನ್ನ ಬಿ.ಪಿ. ಮಾತ್ರೆಯ ಹೆಸರು ಕ್ಯಾಲೆಂಡರಿನ ಮೇಲಿದೆ, ಗ್ಯಾಸಿನವರ ನಂಬರು ಬಾಗಿಲ ಹಿಂದಿದೆ. ಎಸ್ಸೆಸ್ಸೆಲ್ಸಿಯವರೆಗೆ ಮೇಷ್ಟ್ರು ‘ಬರ್ಕೊಳ್ರೋ’ ಎಂದದ್ದೊಂದೇ ನನ್ನ ತಲೆಯಲ್ಲಿ ನಿಂತ ವಿದ್ಯೆ. ಈ ಸಲದ ಆಯುಧಪೂಜೆಯಲ್ಲಿ ನನ್ನ ಮಾನ ಕಳೆದದ್ದೂ ಅದೇ.

ಮೇಟಗಳ್ಳಿಯ ಒಂದು ಸಣ್ಣ ಅಗರಬತ್ತಿ ಕಾರ್ಖಾನೆಯಲ್ಲಿ ನಾನು ಸ್ಟೋರ್ ಕೀಪರ್. ಒಡತಿ ಶಾರದಮ್ಮನವರು ವರ್ಷಗಟ್ಟಲೆ ಮೂಸಿ ಮೂಸಿ ಹದಮಾಡಿದ ಸುಗಂಧದ ಪಾಕಗಳ ಅಳತೆಗಳೆಲ್ಲ ಈಗ ಕಂಪ್ಯೂಟರಿನಲ್ಲಿವೆ. ಅವರ ಸೊಸೆ ಸುಮಾ ನನಗೆ ಪಾಸ್‌ವರ್ಡ್ ಹೇಳುವಾಗಲೇ ಎಚ್ಚರಿಸಿದ್ದಳು: “ಅಂಕಲ್, ಇದು ಸಿಕ್ರೆ ಯಾವೂರಲ್ಲಿ ಕೂತೋರೂ ನಮ್ಮ ಪಾಕ ತೆಗೆದು ನೋಡ್ಬೋದು. ಎಲ್ಲೂ ಬರೀಬೇಡಿ.” ಭಕ್ತಿಯಿಂದ ತಲೆಯಾಡಿಸಿದೆ. ಅವಳು ಅತ್ತ ಹೋದ ಕೂಡಲೇ ಮೇಲ್ ವಿಳಾಸ, ಪಾಸ್‌ವರ್ಡ್ ಎರಡನ್ನೂ ದಪ್ಪಕ್ಷರದಲ್ಲಿ ಬರೆದು ಕೀಬೋರ್ಡಿನ ಕೆಳಗಿಟ್ಟೆ.

ಆಯುಧಪೂಜೆಯ ದಿನ ಕೀಬೋರ್ಡು ಎತ್ತಿ ಒರೆಸುವಾಗ ಚೀಟಿ ಕೈಗೆ ಬಂತು. ಕಳೆದುಹೋದೀತೆಂದು ಪರದೆಗೆ ಒರಗಿಸಿದೆ. ತಕ್ಕಡಿ, ಕತ್ತರಿ, ಕಂಪ್ಯೂಟರಿಗೆಲ್ಲ ಅರಿಶಿನ ಕುಂಕುಮವಿಟ್ಟ ಮೇಲೆ ಚೀಟಿಯನ್ನೊಂದೇ ಬೋಳಾಗಿ ಬಿಡಲು ಮನಸ್ಸಾಗಲಿಲ್ಲ. ಅದಕ್ಕೂ ಒಂದು ಬೊಟ್ಟು ಇಟ್ಟೆ. ಆಮೇಲೆ ಚೆಂದದ ಫೋಟೊ ತೆಗೆದು, ಹಬ್ಬದ ಶುಭಾಶಯದೊಂದಿಗೆ ಡೀಲರುಗಳ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು.

ಹಬ್ಬ ಕಳೆದ ಮರುದಿನ ಸುಮಾಳ ಫೋನಿಗೆ ಸಂದೇಶ: ಯಾರೋ ಅಪರಿಚಿತರು ಪಾಕದ ಕಡತ ತೆರೆದಿದ್ದಾರೆ. ತಕ್ಷಣ ಪಾಸ್‌ವರ್ಡ್ ಬದಲಾಯಿಸಿದಳು. ಹಳೆಯದನ್ನು ಹೊರಗಿನವರಿಗೆ ಹೇಳಿದ್ಯಾರು? ಅನುಮಾನ ಬಿದ್ದದ್ದು ಮಸಾಲೆ ಬೆರೆಸುವ ಮಹದೇವನ ಮೇಲೆ. ಅಳತೆ ನೋಡಿಕೊಳ್ಳಲೆಂದು ಅವನಿಗೂ ಪಾಸ್‌ವರ್ಡ್ ಗೊತ್ತಿತ್ತು; ಮೇಲಾಗಿ ಹಿಂದಿನ ವಾರವಷ್ಟೇ ಬೇರೆ ಕಾರ್ಖಾನೆಯಲ್ಲಿ ಕೆಲಸ ವಿಚಾರಿಸಿ ಬಂದಿದ್ದ. “ಸದ್ಯಕ್ಕೆ ಬೆರೆಸೋ ಕೋಣೆಗೆ ಬರ್ಬೇಡಪ್ಪ” ಎಂದರು ಶಾರದಮ್ಮ. ಅವನು ಹೊರಗೆ ಕೂತು ಡಬ್ಬಕ್ಕೆ ಲೇಬಲ್ ಅಂಟಿಸತೊಡಗಿದ.

ನನಗೆ ಬೊಟ್ಟಿಟ್ಟ ಚೀಟಿ ನೆನಪಾಯಿತು. ಫೋಟೊ ತೆರೆದು ಬೆರಳಲ್ಲಿ ಹಿಗ್ಗಿಸಿದೆ. ಅಕ್ಷರಗಳು ಮದುವೆಯ ಕರೆಯೋಲೆಯಷ್ಟು ಸ್ಪಷ್ಟವಾಗಿದ್ದವು. ಮೆಲ್ಲಗೆ ಗುಂಪಿನಿಂದ ಅಳಿಸಿಹಾಕಿದೆ, ಸುಮ್ಮನಾದೆ.

ಮಾರನೆಯ ದಿನ ಮಹದೇವ ನನ್ನ ಮೇಜಿನ ಹತ್ತಿರ ಬಂದ. “ಸಾರ್, ನೀವಾದ್ರೂ ಅಮ್ಮಾವ್ರಿಗೆ ಒಂದ್ ಮಾತ್ ಏಳಿ. ನಾನು ಅಂಗೆಲ್ಲಾ ಮಾಡೋನಾ?”

“ದೇವರಿದ್ದಾನೆ ಬಿಡಪ್ಪ” ಎಂದೆ.

“ದೇವ್ರು ಡ್ಯೂಟಿಗ್ ಬರಾಕಿಲ್ಲ ಸಾರ್, ನೀವ್ ಬತ್ತೀರಲ್ಲ” ಎಂದು ಹೊರಟುಹೋದ.

ಆ ಮಾತು ಮನೆಯವರೆಗೂ ನನ್ನ ಹಿಂದೆಯೇ ಬಂತು. ಮೂರನೆಯ ದಿನ ಬೆಳಿಗ್ಗೆ ಮೂವರನ್ನೂ ಕೂರಿಸಿ ಎಲ್ಲ ಒಪ್ಪಿಕೊಂಡೆ. ಸುಮಾ ತಲೆಯ ಮೇಲೆ ಕೈಹೊತ್ತಳು. “ಪಾಸ್‌ವರ್ಡಿಗೂ ಪೂಜೆನಾ ಅಂಕಲ್? ಹೂವ ಯಾಕ್ ಬಿಟ್ರಿ?”

“ಹೂವಿಟ್ಟರೆ ಅಕ್ಷರ ಮುಚ್ಚಿಹೋಗ್ತಿತ್ತಮ್ಮ” ಎಂದೆ. ಅದೂ ನಿಜವೇ.

ಶಾರದಮ್ಮ ನಗಲಿಲ್ಲ. ಎದ್ದು ಮಹದೇವನ ಕೈಗೆ ಬೆರೆಸುವ ಕೋಣೆಯ ಕೀಲಿ ಕೊಟ್ಟು, “ತಪ್ಪಾಯ್ತು ಕಣಪ್ಪ” ಎಂದರು. ಪಾಕ ಎಷ್ಟು ಹೋಯಿತು, ಎಷ್ಟು ಉಳಿಯಿತು ಇನ್ನೂ ಗೊತ್ತಿಲ್ಲ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕೀಬೋರ್ಡಿನಿಂದ ಮಾತ್ರ ತೆಗೆದರು.

ಮಹದೇವ ಬಾಗಿಲಲ್ಲಿ ತಿರುಗಿ, “ಎರಡ್ ದಿನ ಸಾರ್!” ಎಂದನಷ್ಟೆ. ಅದನ್ನೇ ಯೋಚಿಸುತ್ತಿದ್ದೇನೆ. ಕಾರ್ಖಾನೆಯ ಗುಟ್ಟನ್ನು ಊರಿಗೆಲ್ಲ ಹಂಚಿದ ಈ ಮುದುಕ, ತನ್ನ ಗುಟ್ಟನ್ನು ಎರಡು ದಿನ ಒಂದಕ್ಷರವೂ ಸೋರದಂತೆ ಎಷ್ಟು ಭದ್ರವಾಗಿ ಕಾಪಾಡಿಕೊಂಡಿದ್ದ!