ಸುಖಾಗಮನ ಬಯಸುವ ದೊಡ್ಡಮ್ಮ

ನಮ್ಮ ಆಫೀಸಿನಲ್ಲಿ ಯಾರಿಗಾದರೂ ಬೀಳ್ಕೊಡುಗೆ ಎಂದರೆ ಹಾರದಿಂದ ಹಿಡಿದು ಖಾರಾಬೂಂದಿಯವರೆಗೆ ಏರ್ಪಾಡು ನನ್ನದೇ. ಬೂಂದಿ ಒಂದು ಸಲವೂ ಸಾಲದೆ ಹೋಗಿಲ್ಲ. ಹಾಗಾಗಿ ಅಪ್ಪ-ಅಮ್ಮನ ಮದುವೆಗೆ ಐವತ್ತು ವರ್ಷ ತುಂಬಿದಾಗ, "ಸಮಾರಂಭದ ಸಂಪೂರ್ಣ ಹೊಣೆ ನನ್ನದು" ಎಂದು ಘೋಷಿಸಿಬಿಟ್ಟೆ. ಯಾರೂ ಬೇಡ ಎನ್ನಲಿಲ್ಲ. ಎನ್ನಬೇಕಿತ್ತು!

"ನಿನಗೇನು ಬೇಕಮ್ಮಾ, ಹೇಳು" ಎಂದೆ.

"ಅಕ್ಕ ಬಂದು ನನ್ನ ಪಕ್ಕದ ಎಲೇಲಿ ಕೂತು ಊಟ ಮಾಡಿದ್ರೆ ಸಾಕು ಕಣೋ. ಇನ್ನೇನೂ ಬೇಡ."

ಅಕ್ಕ ಎಂದರೆ ವೈಯಾಲಿಕಾವಲಿನಲ್ಲಿರುವ ನನ್ನ ದೊಡ್ಡಮ್ಮ. ಚಾಮರಾಜಪೇಟೆಯ ನಮ್ಮ ಮನೆಯಿಂದ ಅಲ್ಲಿಗೆ ಸಿಟಿ ಬಸ್ಸಿದೆ. ಹನ್ನೊಂದು ವರ್ಷದಿಂದ ಆ ಬಸ್ಸನ್ನು ಅವರೂ ಹತ್ತಿರಲಿಲ್ಲ, ನಾವೂ ಹತ್ತಿರಲಿಲ್ಲ. ನನ್ನ ಮದುವೆಯಲ್ಲಿ ದೊಡ್ಡಮ್ಮ ಕೂತ ಪಂಕ್ತಿಗೆ ಬರುವಷ್ಟರಲ್ಲಿ ಪಾಯಸ ಮುಗಿದಿತ್ತು. ಅವರು ಒಂದು ಮಾತಂದರು, ಅಮ್ಮ ಎರಡಂದಳು. ಅಷ್ಟೇ.

"ಇಷ್ಟೇನಾ!" ಎಂದು ನಕ್ಕೆ. ಆಹ್ವಾನ ಪತ್ರಿಕೆಯನ್ನು ನಾನೇ ಬರೆದೆ. 'ತಮ್ಮ ಸುಖಾಗಮನವನ್ನು ಬಯಸುವ' ಎಂಬ ಸಾಲಿನ ಕೆಳಗೆ ಎಲ್ಲರಿಗಿಂತ ಮೊದಲು ದೊಡ್ಡಮ್ಮನ ಹೆಸರು, ದಪ್ಪ ಅಕ್ಷರದಲ್ಲಿ. ಅದರಡಿಯಲ್ಲಿ ನನ್ನ ಹೆಸರು, ವಿನಯಪೂರ್ವಕವಾಗಿ, ಸಣ್ಣ ಅಕ್ಷರದಲ್ಲಿ. ಪ್ರೂಫ್ ನೋಡಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನನ್ನ ಮೇಲೇ ಗೌರವ ಜಾಸ್ತಿಯಾಯಿತು. ಅಡುಗೆಯವರಿಗೂ ತಾಕೀತು ಮಾಡಿದೆ: ಏನು ಕಡಿಮೆಯಾದರೂ ಪರವಾಗಿಲ್ಲ, ಪಾಯಸ ಮಾತ್ರ ಎರಡರಷ್ಟು!

ಕಾರ್ಡಿನ ಮೂಲೆಗಳಿಗೆ ಅರಿಶಿನ ಹಚ್ಚಿ, ನಾನೂ ನನ್ನ ಹೆಂಡತಿ ಸುಮಾಳೂ ಸ್ಕೂಟರಿನಲ್ಲಿ ಅಕ್ಕಿಪೇಟೆ, ಬಸವನಗುಡಿ, ಮಲ್ಲೇಶ್ವರ ಎಂದು ಮನೆಮನೆ ಸುತ್ತಿದೆವು. ಮಲ್ಲೇಶ್ವರದಲ್ಲಿ ಒಂಬತ್ತನೇ ಕಾಫಿ ಮುಗಿಸಿ ಹೊರಗೆ ಬಂದಾಗ ಸುಮಾ ಹೇಳಿದಳು.

"ರೀ, ವೈಯಾಲಿಕಾವಲ್ ಇಲ್ಲೇ ಪಕ್ಕದಲ್ಲಿದೆ. ದೊಡ್ಡಮ್ಮನ್ನ ಕರೆದು ಬಂದ್ಬಿಡೋಣ."

"ಕಾರ್ಡಲ್ಲಿ ಅವರ ಹೆಸರೇ ಇದೆ ಕಣೆ. ಅವರು ಕರೆಯೋರು! ಕರೆಯೋರನ್ನ ಯಾರಾದ್ರೂ ಕರೀತಾರಾ?"

"ಒಂದು ಕುಂಕುಮ ಕೊಟ್ಟು ಬರೋಕೆ ಏನ್ರೀ ಕಷ್ಟ?"

"ಹೊರಗಿನೋರ ಥರ ಮಾಡಿದ್ರು ಅಂತ ಬೇಜಾರ್ ಮಾಡ್ಕೋತಾರೆ. ನಿಂಗೊತ್ತಾಗಲ್ಲ, ಸುಮ್ನಿರು."

ನಿಜ ಹೇಳಬೇಕೆಂದರೆ, ದೊಡ್ಡಮ್ಮ ಪಾಯಸದ ಮಾತೆತ್ತಿದರೆ ಏನು ಹೇಳುವುದು ಎಂದು ಎದೆ ಪುಕುಪುಕು ಎನ್ನುತ್ತಿತ್ತು. ಹೆದರಿಕೆಯನ್ನೇ ಸಿದ್ಧಾಂತ ಮಾಡಿಕೊಂಡು ಸ್ಕೂಟರ್ ತಿರುಗಿಸಿದೆ.

ಸಿದ್ಧಾಂತಕ್ಕೆ ಬೆಂಬಲವೂ ಸಿಕ್ಕಿತು. ಕಾರ್ಡು ನೋಡಿದ ನೆಂಟರು ದೊಡ್ಡಮ್ಮನಿಗೆ ಫೋನ್ ಮಾಡಿ ಬರ್ತೀವಿ ಎಂದರಂತೆ. ಅವರು "ಬನ್ನಿ, ಎಲ್ರೂ ಬನ್ನಿ" ಎಂದರಂತೆ. "ನೋಡಿದ್ಯಾ?" ಎಂದೆ. ಸುಮಾ ನನ್ನ ಮುಖ ನೋಡಿ ಒಳಗೆ ಹೋದಳು.

ಸಮಾರಂಭ ಗಾಂಧಿ ಬಜಾರಿನ ಹತ್ತಿರದ ಒಂದು ಛತ್ರದಲ್ಲಿ. ಅಪ್ಪ-ಅಮ್ಮನನ್ನು ವೇದಿಕೆಯ ಮೇಲೆ ಕೂರಿಸಿ, ಅಲುಗಾಡಬಾರದು ಎಂದು ಆಜ್ಞೆ ಮಾಡಿದೆ. ವಿಡಿಯೋದವನ ದೀಪ ನೆಟ್ಟಗೆ ಅವರ ಮುಖಕ್ಕೆ. ಅಪ್ಪ ಕಣ್ಣು ಮುಚ್ಚಿಕೊಂಡು ನಿದ್ದೆಯನ್ನೇ ಮಾಡಿಬಿಟ್ಟರು.

"ಈ ಬೆಳಕಿಗೆ ಬಾಗಿಲು ಕಾಣಿಸ್ತಿಲ್ಲ ಕಣೋ. ಅಕ್ಕ ಬಂದ್ಲಾ?" ಎಂದಳು ಅಮ್ಮ.

ಉಡುಗೊರೆ ಕೊಡಲು ಬಂದ ಪಕ್ಕದ ಮನೆಯಾಕೆ ನಾನು ಬಾಯಿ ತೆರೆಯುವ ಮೊದಲೇ, "ನಿಮ್ಮಕ್ಕ ಬಾಗಿಲಲ್ಲೇ ನಿಂತಿದಾರಲ್ರೀ, ಎಲ್ರಿಗೂ ಪನ್ನೀರು ಹಾಕ್ತಾ!" ಎಂದರು. ಅಮ್ಮ ದಡಬಡನೆ ಎದ್ದಳು. ನಾನು ಭುಜ ಹಿಡಿದು ಕೂರಿಸಿದೆ.

"ಹಾರ ಬದಲಾಯಿಸೋದಿದೆ, ವಿಡಿಯೋ ಕೆಡುತ್ತೆ. ಊಟಕ್ಕೆ ನಿನ್ನ ಪಕ್ಕದಲ್ಲೇ ಕೂರಿಸ್ತೀನಿ. ನಾನೇ ಕರ್ಕೊಂಡು ಬರ್ತೀನಿ ತಾಳು."

ಹೊರಟೆ. ಅಷ್ಟರಲ್ಲಿ ಅಡುಗೆಯವರು, "ಸ್ವಾಮಿ, ಬಾಳೆ ಎಲೆ ಸಾಲಲ್ಲ!" ಎಂದು ಕೂಗಿದರು. ಎಲ್ಲಕ್ಕೂ ಲೆಕ್ಕ ಹಾಕಿದ್ದೆ, ಎಲೆಯೊಂದನ್ನು ಬಿಟ್ಟು. ಹಿಂಬಾಗಿಲಿಂದ ಗಾಂಧಿ ಬಜಾರಿಗೆ ಓಡಿದೆ. ದೊಡ್ಡ ಕಟ್ಟೊಂದನ್ನು ಅಪ್ಪಿಕೊಂಡು, ಮುಂದೇನೂ ಕಾಣದೆ, ಜನರ ನಡುವೆ ನುಗ್ಗಿ ಮುಂಬಾಗಿಲಿಂದ ಒಳಗೆ ಬಂದೆ. ಎಲೆ ಹಾಕಿಸಿ, ಅಮ್ಮನನ್ನು ಕೂರಿಸಿ, ಪಕ್ಕದ ಎಲೆಗೆ ಯಾರೂ ಕೂರಬಾರದೆಂದು ಹೇಳಿ, ಬಾಗಿಲಿಗೆ ಬಂದೆ.

ಮೇಜಿನ ಮೇಲೆ ಪನ್ನೀರುದಾನಿ ಇತ್ತು. ಪಕ್ಕದಲ್ಲಿ ಸುಮಾ ನಿಂತಿದ್ದಳು.

"ಹೋದ್ರು ರೀ. ಆಟೋ ಹತ್ತಿ ಹೋದ್ರು. 'ಕರೆಯೋಳು ನಾನು ಅಂತ ಹಾಕಿದ್ರಲ್ಲ, ಬಂದೋರನ್ನೆಲ್ಲ ಬರಮಾಡ್ಕೊಂಡೆ. ನನ್ನ ಯಾರು ಊಟಕ್ಕೆ ಕರೆದಿದಾರೆ?' ಅಂದ್ರು. ಕೈ ಹಿಡ್ಕೊಂಡು, ನಾನು ಕರೀತಿದೀನಿ ಬನ್ನಿ ಅಂದೆ. 'ಎಲೆ ಹಾಕಿದ್ಮೇಲೆ ಕರೆದ್ರೆ ಕರೆದಂಗಾಯ್ತೇನಮ್ಮಾ?' ಅಂದ್ರು."

ಅಮ್ಮನಿಗೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನನಗೆ ಅಷ್ಟು ಸಂಕಟವಾಗಿತ್ತು. ಖಾಲಿ ಎಲೆಗೂ ಎಲ್ಲವನ್ನೂ ಬಡಿಸಲು ಹೇಳಿ, ತಾನು ಎರಡು ತುತ್ತು ತಿಂದು ಕೈ ತೊಳೆದಳು. ಪಾಯಸ ಎರಡು ಕೊಳಗ ಉಳಿಯಿತು.

ಮಾರನೇ ದಿನ ಹಣ್ಣು, ಕುಂಕುಮ ಹಿಡಿದು ನಾವಿಬ್ಬರೂ ವೈಯಾಲಿಕಾವಲಿಗೆ ಹೋದೆವು. ದೊಡ್ಡಮ್ಮ ಕಾಫಿ ಕೊಟ್ಟರು. ಮಾತು ಮಾತ್ರ ಆಡಲಿಲ್ಲ.

ಹದಿನೈದು ದಿನಕ್ಕೆ ಸಮಾರಂಭದ ವಿಡಿಯೋ ಕ್ಯಾಸೆಟ್ ಬಂತು. ಅಮ್ಮ ವೇದಿಕೆಯ ಭಾಗವನ್ನೆಲ್ಲ ಓಡಿಸು ಎಂದಳು. ಬಾಗಿಲ ಬಳಿ ದೊಡ್ಡಮ್ಮ ನಿಂತಿದ್ದರು, ಹಸಿರು ರೇಷ್ಮೆ ಸೀರೆಯಲ್ಲಿ, ನಗುತ್ತಾ. ಪ್ರತಿಯೊಬ್ಬರಿಗೂ ಪನ್ನೀರು ಹಾಕಿ, ತಿರುಗಿ ತಿರುಗಿ ಒಳಗೆ ವೇದಿಕೆಯ ಕಡೆ ನೋಡುತ್ತಿದ್ದರು. "ಎಷ್ಟು ಇಳಿದು ಹೋಗಿದಾಳೆ" ಎಂದಳು ಅಮ್ಮ.

ಆಗ ಒಂದು ದೊಡ್ಡ ಬಾಳೆ ಎಲೆಯ ಕಟ್ಟು, ಕೆಳಗೆ ನನ್ನ ಎರಡು ಕಾಲುಗಳ ಸಮೇತ, ಬಾಗಿಲಿಗೆ ಬಂತು. ಕಟ್ಟಿನೊಳಗಿಂದ ನನ್ನದೇ ಧ್ವನಿ:

"ಯಾರಮ್ಮಾ ಅದು ಬಾಗಿಲಿಗೆ ಅಡ್ಡ ನಿಂತಿರೋದು? ಹೋಗಿ ಆಚೆ!"

ದೊಡ್ಡಮ್ಮ ಪನ್ನೀರುದಾನಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

ಅವರನ್ನು ಕರೆಯಲಿಲ್ಲವಲ್ಲ ಎಂದು ಹದಿನೈದು ದಿನದಿಂದ ಕೊರಗುತ್ತಿದ್ದೆ. ಹೋಗಿ ಎಂದು ಮಾತ್ರ ಬಾಯಿತುಂಬ ಹೇಳಿದ್ದೆ!