ಅಮ್ಮನಿಗೆ ಹಾಕಿದ ದಾಕು

ದಾಕು ಹಾಕುವ ಕೆಲಸದಲ್ಲಿದ್ದವನಿಗೆ ಯಾರೂ ದೆವ್ವದ ಕಥೆ ಹೇಳಬೇಕಾಗಿಲ್ಲ. ನಡುಮಧ್ಯಾಹ್ನವೇ ಒಂದಲ್ಲ ಒಂದು ಎದುರಾಗುತ್ತಲೇ ಇರುತ್ತದೆ. ಐವತ್ತರ ದಶಕದ ಕೊನೆಯಲ್ಲಿ ನಾನು ಶಿವಮೊಗ್ಗದ ಹೊಸಮನೆಯಲ್ಲಿದ್ದೆ. ಬೆಳಗಿನ ರೈಲು ಹಿಡಿದು ಭದ್ರಾವತಿಗೆ ಹೋಗಿ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕಿ ಬರುತ್ತಿದ್ದೆ.

ಅಲ್ಲಿ ಕಾರ್ಖಾನೆ ಕೆಲಸಗಾರರ ಒಂದು ಓಣಿ. ಮೊದಲ ಮನೆಯ ಮಗುವಿಗೆ ‘ಅಮ್ಮ’ ಬಂದಿದ್ದಳು. ಸಿಡುಬು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊನೆಯ ಮನೆಯಲ್ಲಿ ಮೂರು ತಿಂಗಳ ಹೆಣ್ಣುಕೂಸು. ರೋಗ ಆ ತುದಿ ಮುಟ್ಟುವುದರೊಳಗೆ ನಾನು ಮುಟ್ಟಬೇಕಿತ್ತು. ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ.

೧. ತೂಗುವ ತೊಟ್ಟಿಲು

ಮೊದಲ ದಿನ ಹೋದಾಗ ಓಣಿಯೇ ಸದ್ದಡಗಿತ್ತು. ಬಾಗಿಲುಗಳೆಲ್ಲ ತೆರೆದಿವೆ, ಒಲೆಗಳ ಮೇಲೆ ಸಾರು ಕುದಿಯುತ್ತಿದೆ, ಒಂದು ನರಪಿಳ್ಳೆಯೂ ಇಲ್ಲ. ಸೀದಾ ಕೊನೆಯ ಮನೆಗೆ ಹೋದೆ. ಅಲ್ಲಿ ತೊಟ್ಟಿಲು ತನ್ನಷ್ಟಕ್ಕೆ ತಾನೇ ತೂಗುತ್ತಿತ್ತು. ಬಗ್ಗಿ ನೋಡಿದರೆ ಕೂಸಿಲ್ಲ. ಹಾಸಿದ ಬಟ್ಟೆ ಮುಟ್ಟಿದರೆ ಇನ್ನೂ ಬೆಚ್ಚಗಿದೆ.

ಬೆನ್ನಲ್ಲಿ ಚಳಿ ಹುಟ್ಟಿತು. ಯಾರಿದ್ದೀರಿ ಎಂದು ಎರಡು ಸಲ ಕೂಗಿದೆ. ತುಸು ಹೊತ್ತಾದ ಮೇಲೆ ಅಟ್ಟದ ಕತ್ತಲೆಯಿಂದ ಮುದುಕಿಯ ದನಿ ಇಳಿದು ಬಂತು.

“ನಾವೆಲ್ಲ ಗಾಜನೂರಿಗೆ ಹೋಗಿದ್ದೀವಿ. ಸೋಮವಾರ ಬರ್ತೀವಿ.”

೨. ಪರದೆಯ ಹಿಂದಿನ ಕೈ

ಮರುದಿನ ನಡುವಿನ ಒಂದು ಮನೆ ಒಪ್ಪಿತು. ಆ ಮನೆಯ ಹೆಂಗಸರು ಪರಗಂಡಸಿನ ಮುಂದೆ ಬರುವವರಲ್ಲ. ಯಜಮಾನರು ಬಾಗಿಲಿಗೆ ಸೀರೆ ಕಟ್ಟಿ, ಐವರೂ ಒಬ್ಬೊಬ್ಬರಾಗಿ ಸಂದಿಯಿಂದ ಕೈ ಚಾಚುತ್ತಾರೆ ಎಂದರು.

ಮೊದಲ ಕೈ ಬಂತು, ಬೆಳ್ಳಿ ಕಡಗದ್ದು. ಸೂಜಿಯೊತ್ತಿ ತಿರುವಿದೆ, ಒಳಗೆ ಉಸಿರಿನ ಸದ್ದೂ ಇಲ್ಲ. ಎರಡನೆಯ ಕೈಗೆ ಕಡಗವಿರಲಿಲ್ಲ, ಬೆರಳಲ್ಲಿ ಉಂಗುರವಿತ್ತು. ಹಿಡಿದರೆ ತಣ್ಣಗೆ ಕೊರೆಯುತ್ತಿದೆ. ತೋಳು ನೋಡಿ ಬೆವತುಹೋದೆ. ನಾನಿನ್ನೂ ಮುಟ್ಟಿಯೇ ಇಲ್ಲದ ಆ ತೋಳಿನ ಮೇಲೆ ನನ್ನದೇ ಸೂಜಿಯ ಗುರುತು, ಹಸಿಹಸಿಯಾಗಿ.

ಇದು ಯಾರ ಕೈ ಎಂದು ಕೇಳಿದೆ. ಹಿರಿಸೊಸೆ ಪರದೆಯ ಹಿಂದಿನಿಂದಲೇ ಉತ್ತರ ಕೊಟ್ಟಳು.

“ಇವರೆಲ್ಲ ಅಳ್ತಾರೆ ಸ್ವಾಮಿ. ನಂಗೆ ಅಷ್ಟೇನೂ ನೋಯಲ್ಲ, ಐದೂ ನಂಗೇ ಹಾಕಿಬಿಡಿ.”

೩. ಯಾರ ತೋಳು

ಮಾತಿಗೆ ತಪ್ಪದೆ ಕೊನೆಯ ಮನೆಯವರು ಸೋಮವಾರ ‘ಗಾಜನೂರಿನಿಂದ’ ಬಂದಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಅಟ್ಟದ ಅಜ್ಜಿ ತಲೆಗೂದಲು ಬಿಟ್ಟುಕೊಂಡು, ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡದ್ದೇ ಅವಳ ಮೈ ನಡುಗತೊಡಗಿತು, ಕಣ್ಣು ಮೇಲೆ ಸಿಕ್ಕಿಕೊಂಡಿತು. ಸೊಸೆ ಮೂಲೆಯಲ್ಲಿ ಕೈಮುಗಿದು ನಿಂತಳು.

“ನನ್ನ ಕೂಸಿಗೆ ಕಬ್ಬಿಣ ಮುಟ್ಟಿಸ್ತೀಯಾ?”

ಅಜ್ಜಿಯ ಬಾಯಿಂದಲೇ ಬಂದರೂ ಅದು ಅಟ್ಟದಿಂದ ಕೇಳಿದ್ದ ದನಿಯಲ್ಲ. ನಾನು ಅಲ್ಲೇ ಕೂತುಬಿಟ್ಟೆ. ಮೊದಲ ಮನೆಯ ಮಗು ಹಿಂದಿನ ದಿನ ತೀರಿಕೊಂಡಿತ್ತು. ದುಃಖ, ಭಯ ಎರಡೂ ಒಟ್ಟಿಗೇ ಬಂದವು.

“ತಾಯಿ, ಆ ಮನೆಯದನ್ನು ಕರ್ಕೊಂಡೆ. ಇದನ್ನಾದ್ರೂ ನಮಗೆ ಬಿಡು” ಎಂದೆ.

ಅಜ್ಜಿಯ ಮೈಮೇಲಿದ್ದ ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿ, ಸೊಸೆಗೆ ಕೇಳದ ಹಾಗೆ, “ನೋಯುತ್ತೇನೋ?” ಎಂದಳು.

ಇರುವೆ ಕಚ್ಚಿದಷ್ಟು ಎಂದೆ. ಹಾಗಾದರೆ ಮೊದಲು ತನಗೆ ಹಾಕು ಎಂದು ಬಲದೋಳು ಚಾಚಿದಳು. ಹಾಕಿದೆ. ನಡುಕ ನಿಂತಿತು. ಅಜ್ಜಿ ತಾನೇ ಕೂಸಿನ ತೋಳು ಹಿಡಿದುಕೊಟ್ಟಳು. ಕೂಸು ಕಿರುಚಿತು, ನನ್ನ ಕಣ್ಣೂ ಒದ್ದೆಯಾಯಿತು.

ಸಾಮಾನು ಕಟ್ಟುವಾಗ ಅಜ್ಜಿ ಎಡದೋಳು ಮುಂದೆ ಮಾಡಿದಳು. ಈಗ ತಾನೇ ಹಾಕಿದೆನಲ್ಲ ಎಂದರೆ, ಅದು ಅಮ್ಮನಿಗೆ, ತನಗೆಲ್ಲಿ ಹಾಕಿದ್ದು ಎಂದು ಜಗಳಕ್ಕೇ ನಿಂತಳು. ವಾದ ಮಾಡುವ ಧೈರ್ಯವಿಲ್ಲದೆ ಅಲ್ಲಿಗೂ ಹಾಕಿದೆ.

ಎಂಟನೆಯ ದಿನ ದಾಕು ಎದ್ದಿದೆಯೇ ಎಂದು ನೋಡಲು ಹೋದೆ. ಕೂಸಿನ ತೋಳಲ್ಲಿ ಗುಳ್ಳೆ ಚೆನ್ನಾಗಿ ಎದ್ದಿತ್ತು. ಹೋದ ಜೀವ ಬಂದ ಹಾಗಾಯಿತು. ಅಜ್ಜಿಯ ಎಡದೋಳಲ್ಲೂ ಎದ್ದಿತ್ತು. ಬಲದೋಳು ನೋಡಿದೆ: ಗುಳ್ಳೆಯಿಲ್ಲ, ಗಾಯವಿಲ್ಲ, ಸೂಜಿ ಮುಟ್ಟಿದ ಗುರುತೇ ಇಲ್ಲ. ಬಿಸಿಲಿಗೆ ಹಿಡಿದೆ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಮೈಯೆಲ್ಲ ಮುಳ್ಳೆದ್ದಿತು.

ಅಜ್ಜಿಗೆ ನನ್ನ ಅವಸ್ಥೆ ಕಂಡು ಕನಿಕರವಾಯಿತು.

“ಅಮ್ಮನಿಗೆ ಹಾಕಿದ್ದನ್ನ ನನ್ನ ಮೈಮೇಲೆ ಹುಡುಕಿದ್ರೆ ಎಲ್ಲಿ ಸಿಗುತ್ತೆ, ಮಾರಾಯ್ರೇ?”