ಮಾತಾಡಿಸಲು ಹೋದ ಮುತ್ತುರಾಜ

ಎಲ್ಲಕ್ಕೂ ಕಾರಣ ಒಂದು ದಿನದ ತರಬೇತಿ. ಬಸವನ ಬಾಗೇವಾಡಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಮುತ್ತುರಾಜನನ್ನು ಅದಕ್ಕೆ ಕಳಿಸಿದ್ದು, ಬೇರೆ ಯಾರೂ ಹೋಗಲು ಒಪ್ಪದ್ದರಿಂದ. ವಿಷಯ ಪರಾನುಭೂತಿ. ಇನ್ನೊಬ್ಬರ ನೋವನ್ನು ತನ್ನದೆಂದು ಅರಿಯುವುದು ಹೇಗೆ ಎಂದು ಕನ್ನಡಕದ ಮೇಷ್ಟರೊಬ್ಬರು ಐದು ಗಂಟೆ ಮಾತಾಡಿ, ಕೊನೆಗೆ, "ಇದಕ್ಕೆ ಮಾತೇ ಬೇಡ. ಹೋಗಿ ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳಿ" ಎಂದಿದ್ದರು.

ಮುತ್ತುರಾಜನಿಗೆ ಇದು ಹಿಡಿಸಿತು. ತುಮಕೂರು ಕಡೆಯವನು, ಮಾತು ಮೊದಲೇ ಕಡಿಮೆ. ಮೂರು ವರ್ಷದಿಂದ ಇಲ್ಲಿದ್ದರೂ ಊರು ಅವನಿಗೆ ಅಂಟಿರಲಿಲ್ಲ. ತವರಿನಲ್ಲಿದ್ದ ಹೆಂಡತಿ ಪಲ್ಲವಿಗೆ ಈಗ ಒಂಬತ್ತು ತಿಂಗಳು. ತುಮಕೂರಿಗೆ ವರ್ಗಾವಣೆ ಕೇಳಿದ್ದ ಅರ್ಜಿಗೆ ಮೇಲಧಿಕಾರಿ ಮಡಿವಾಳಪ್ಪನವರ ಶಿಫಾರಸು ಬೇಕಿತ್ತು. ಅದು ಈ ದಿನ ಸಂಜೆ ಐದರೊಳಗೆ ವಿಜಯಪುರ ಮುಟ್ಟಬೇಕಿತ್ತು. ಮಡಿವಾಳಪ್ಪನವರೋ ಅರ್ಜಿಯನ್ನು ಮನೆಗೆ ಒಯ್ದವರು ಎರಡು ದಿನದಿಂದ ರಜೆ, ಆಸ್ಪತ್ರೆಗೆ ಹೋಗಿದ್ದರೆಂದು ಕಚೇರಿಯಲ್ಲಿ ಸುದ್ದಿ. ಬೆಳಿಗ್ಗೆ ಫೋನ್ ಮಾಡಿದರೆ ಅವರ ಹೆಂಡತಿ ಗುಂಡವ್ವ ಎತ್ತಿ, "ಅವ್ರು ಮಾತಾಡಂಗಿಲ್ರೀ" ಎಂದು ಇಟ್ಟುಬಿಟ್ಟಳು.

ಬರೀ ಸಹಿಗೆಂದು ಹೋದರೆ ಸ್ವಾರ್ಥ. ಕಷ್ಟ ಕೇಳಲು ಹೋಗಿ ಬರುವಾಗ ಸಹಿ ಕೇಳಿದರೆ ಪರಾನುಭೂತಿ. ಹೀಗೆ ಮನಸ್ಸನ್ನು ಒಪ್ಪಿಸಿ ಮುತ್ತುರಾಜ ಸಾಹೇಬರ ಊರಾದ ಇಂಗಳೇಶ್ವರದ ಬಸ್ಸು ಹತ್ತಿದ. ಮುಖವನ್ನು ಈಗಿನಿಂದಲೇ ಇಳಿಬಿಟ್ಟಿದ್ದ. ಅದು ಬೇಲಿಯ ಮೇಲೆ ಒಣಹಾಕಿದ ಒದ್ದೆ ಗೋಣಿಚೀಲದಂತಿತ್ತು.

"ಯಾಕ್ರೀ ಸಾಹೇಬ್ರ, ಎಲ್ಲಿಗೆ ಹೊಂಟೀರಿ?" ಪಕ್ಕದಲ್ಲಿ ಕುಳಿತಿದ್ದ ಇಂಗಳೇಶ್ವರದ ಮುದುಕಿ ರುಕ್ಮವ್ವ ಕೇಳಿದಳು.

"ಮಡಿವಾಳಪ್ಪನವರ ಮನೆಯವರನ್ನ ಮಾತಾಡಿಸ್ಕೊಂಡು ಬರೋಣಾಂತ."

ಮುತ್ತುರಾಜನ ಊರಲ್ಲಿ ಮಾತಾಡಿಸುವುದೆಂದರೆ ಕುಶಲ ಕೇಳುವುದು. ಇಲ್ಲಿ ಮುಖ ಇಳಿಬಿಟ್ಟುಕೊಂಡು ಹಾಗೆಂದರೆ, ಸಾವಾದ ಮನೆಗೆ ಹೋಗಿ ಕುಳಿತು ಬರುವುದು. ಮೂರು ವರ್ಷದಲ್ಲಿ ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವನೂ ಯಾರನ್ನೂ ಮಾತಾಡಿಸಿರಲಿಲ್ಲ.

ರುಕ್ಮವ್ವ ಸೆರಗನ್ನು ಬಾಯಿಗೆ ಒತ್ತಿದಳು. "ಅಯ್ಯ ನನ್ನ ಶಿವನ! ಯಾವಾಗ ಆತ್ರಿ?"

"ನಿನ್ನೆ ವಿಜಯಪುರದ ಆಸ್ಪತ್ರೆಗೆ ಹೋಗಿದ್ರಂತೆ. ಈಗ ಮನೇಲೇ ಇದ್ದಾರೆ. ಇನ್ನು ಮಾತಾಡಲ್ಲ ಅಂದ್ರು ಅವರ ಹೆಂಡ್ತಿ."

"ಮಾತೆಲ್ಲಿಂದ ಬರಬೇಕ್ರೀ ಇನ್ನ!"

ಕಂಡಕ್ಟರ್ ಫಕೀರಸಾಬ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. "ಚಲೋ ಮನಷ್ಯಾ ಇದ್ರು. ಒಂದಿನಾನೂ ಚಿಲ್ಲರ ತಿರುಗಿ ಕೇಳ್ಲಿಲ್ಲ."

'ಇದ್ರು' ಎಂಬ ಮಾತು ಮುತ್ತುರಾಜನ ಕಿವಿಗೆ ಬಿತ್ತು. ಈ ಕಡೆಯ ವ್ಯಾಕರಣ ಇರಬೇಕೆಂದು ಬಿಟ್ಟ. ಅಷ್ಟರಲ್ಲಿ ಬಸ್ಸಿನ ಮೊಬೈಲುಗಳೆಲ್ಲ ಕೆಲಸ ಶುರು ಮಾಡಿದ್ದವು.

ಮನೆಯ ಬಾಗಿಲು ತೆರೆದೇ ಇತ್ತು. ಗುಂಡವ್ವ ಹಿತ್ತಲಲ್ಲಿ ಗಂಜಿಗೆ ಇಟ್ಟಿದ್ದಳು. ಮಡಿವಾಳಪ್ಪನವರು ಎದೆಯವರೆಗೆ ಬಿಳಿ ದುಪ್ಪಟಿ ಹೊದ್ದು, ಗದ್ದದಿಂದ ನೆತ್ತಿಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದರು. ದವಡೆಯ ಹಲ್ಲು ಕೀಳಿಸಿದ್ದರು. ಮುತ್ತುರಾಜ ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದುಕೊಂಡ. ಯಾಕೆ ಬಂದೆ ಎಂದು ಅವರಿಗೆ ಕೇಳಲಾಗಲಿಲ್ಲ, ಇವನು ಹೇಳಲಿಲ್ಲ. ಎಷ್ಟು ಒಳ್ಳೆಯ ಮೌನವೆಂದರೆ, ಸ್ವಲ್ಪ ಹೊತ್ತಿಗೆ ಸಾಹೇಬರಿಗೆ ನಿದ್ದೆ ಹತ್ತಿತು.

ಆಗ ಊರು ಒಳಗೆ ಬಂತು.

ಮುಂದೆ ಬರಿಗಾಲಲ್ಲಿ ಓಡಿಬಂದವನು ಸಾಹೇಬರ ತಮ್ಮ ಶಂಕ್ರೆಪ್ಪ. ಹೊಲದ ಬದುವಿಗಾಗಿ ಜಗಳವಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

"ಯಣ್ಣಾ! ಒಂದ ಮಾತ ಆಡದ ಹೋದ್ಯಲ್ಲೋ! ಆ ಬದುವು ನಿಂದ ಇತ್ತೋ ಯಣ್ಣಾ!"

ಹಲ್ಲುನೋವಿಗೂ ಹೀಗೆ ಅಳುವ ಊರು! ಮುತ್ತುರಾಜನ ಕಣ್ಣೂ ಒದ್ದೆಯಾಯಿತು. ರುಕ್ಮವ್ವ ನೀರು ತೊಟ್ಟಿಕ್ಕುವ ಹೂವಿನ ಮಾಲೆಯನ್ನು ಅವನ ಕೈಗೆ ತುರುಕಿ, "ಹಾಕ್ರಿ ಸಾಹೇಬ್ರ" ಎಂದಳು. ರೋಗಿಗೂ ಮಾಲೆ ಹಾಕುವವರ ಮನಸ್ಸು ಎಷ್ಟು ದೊಡ್ಡದು ಎಂದುಕೊಂಡು ಹಾಕಿದ.

ತಣ್ಣನೆಯ ಮಾಲೆ ಕೊರಳಿಗೆ ತಾಗಿದ್ದೇ ಮಡಿವಾಳಪ್ಪನವರು ದಡಕ್ಕನೆ ಎದ್ದು ಕುಳಿತರು.

ಅರ್ಧ ಊರು ಹೊರಗೋಡಿತು. ಶಂಕ್ರೆಪ್ಪ ಮಾತ್ರ ಕದಲಲಿಲ್ಲ.

"ಸತ್ತಿಲ್ಲೇನು?"

ಅಣ್ಣ ಇಲ್ಲವೆಂದು ತಲೆಯಾಡಿಸಿದರು.

"ಮತ್ತ ಯಾಕ ಮಾತಾಡವಲ್ಲಿ?"

ಅಣ್ಣ ದವಡೆ ತೋರಿಸಿದರು.

"ಹಲ್ಲು ಇದ್ದಾಗರ ಎಲ್ಲಿ ಮಾತಾಡಿದ್ದಿ, ಮೂಳಾ!"

ಮಡಿವಾಳಪ್ಪನವರಿಗೆ ನಗು ಬಂತು. ನಕ್ಕರೆ ನೋವು, ನೋವಿಗೆ ಕಣ್ಣೀರು. ಆ ಕಣ್ಣೀರನ್ನು ನೋಡಿ ಶಂಕ್ರೆಪ್ಪ ಅಣ್ಣನನ್ನು ತಬ್ಬಿಕೊಂಡ. ಓಡಿದವರೆಲ್ಲ ಒಬ್ಬೊಬ್ಬರಾಗಿ ಹಿಂದಿರುಗಿ, ಈಗ ಬೇರೆ ಕಾರಣಕ್ಕೆ ಅತ್ತರು. ಮುತ್ತುರಾಜನಿಗೆ ತಾನು ಮಾಡಿದ್ದೇನೆಂದು ರುಕ್ಮವ್ವ ತಿಳಿಸಿ ಹೇಳಿದಾಗ ಅವನು ಗೋಡೆಗೆ ಅಂಟಿಕೊಂಡ. ಆದರೆ ಯಾರೂ ಅವನನ್ನು ಬೈಯಲಿಲ್ಲ. ಅಣ್ಣತಮ್ಮಂದಿರು ಒಂದೇ ಬಟ್ಟಲಿನಲ್ಲಿ ಗಂಜಿ ಕುಡಿಯುತ್ತಿದ್ದರು.

ಈ ಹೊತ್ತಿನಲ್ಲಿ ಸಹಿ ಕೇಳುವುದು ಹೇಗೆ? ಅವನು ಚಡಪಡಿಸುತ್ತಿದ್ದಾಗ ಗುಂಡವ್ವನೇ ಕಪಾಟಿನಿಂದ ಹಾಳೆಯೊಂದನ್ನು ತಂದಳು.

"ನಿಮ್ಮ ಕಾಗದಾ ನಿನ್ನಿನ ಸಹಿ ಮಾಡಿಟ್ಟಾರ್ರೀ. ಹನ್ನೊಂದ ಗಂಟೇದ ಬಸ್ಸಿಗೆ ಕಳಸೋರಿದ್ವಿ. ಅಷ್ಟರಾಗ ಈ ಮಂದಿ ಬಂತ ನೋಡ್ರಿ."

ಮುತ್ತುರಾಜ ಕೈ ಚಾಚಿದ. ನಡುವೆಯೇ ಮಡಿವಾಳಪ್ಪನವರು ಹಾಳೆಯನ್ನು ತೆಗೆದುಕೊಂಡರು. ತಮ್ಮನನ್ನು ನೋಡಿದರು, ಮುತ್ತುರಾಜನನ್ನು ನೋಡಿದರು. ಪೆನ್ನು ತೆಗೆದು ಕೆಳಗೆ ನಿಧಾನವಾಗಿ ಏನನ್ನೋ ಬರೆದು, ಮಡಚಿ ಕೊಟ್ಟು, ಅವನ ಬೆನ್ನು ತಟ್ಟಿದರು. ಹೊಗಳಿಕೆಯಿರಬೇಕೆಂದು ಅವನು ನಾಚಿದ.

ಹೊಗಳಿಕೆಯೇ ಇತ್ತು. ಬಸ್ಸಿಗೆ ಕಾಯುತ್ತ ಓದಿದ:

'ಹನ್ನೊಂದು ವರ್ಷ ಹಿರಿಯರು ಕೂಡಿಸಲಾಗದ ಮನೆಯನ್ನು ಈ ನೌಕರರು ಅರ್ಧ ದಿನದಲ್ಲಿ ಕೂಡಿಸಿದ್ದಾರೆ. ಇಂಥವರನ್ನು ಬಿಟ್ಟುಕೊಡಲು ಈ ಕಚೇರಿ ಸಿದ್ಧವಿಲ್ಲ. ಮೇಲಿನ ಶಿಫಾರಸನ್ನು ರದ್ದುಪಡಿಸಿದೆ.'

ಅದರ ಕೆಳಗೆ ಇವತ್ತಿನ ತಾರೀಕು, ದುಂಡಗಿನ ಸಹಿ.

ಫೋನು ಬಡಿದುಕೊಂಡಿತು. ಪಲ್ಲವಿ.

"ರೀ, ಸಾಹೇಬ್ರು ಸಹಿ ಮಾಡಿದ್ರಾ?"

ಮುತ್ತುರಾಜ ಹಾಳೆಯನ್ನು ಮಡಚಿ ಜೇಬಿಗಿಟ್ಟ.

"ಎರಡು ಸಲ ಮಾಡಿದ್ರು" ಎಂದ.